ಬಿಸಿಲಿಗೆ ಸುಟ್ಟ ಕೈ ಅಂದುಕೊಂಡಿದ್ದೆವು

ಮಾವನ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡ, ಊರೂ ಹಾಕಬೇಡ ಅಂದರು. ದಾವಣಗೆರೆ ತಾಲ್ಲೂಕು, ಆನಗೋಡು ಕಡೆಯ ಒಂದು ಹಳ್ಳಿ, ಅಷ್ಟು ಸಾಕು. ಅವರು ನನ್ನ ತಾಯಿಯ ತಮ್ಮ, ವಯಸ್ಸು 46. ನಾಲ್ಕು ಎಕರೆ ಹೊಲ. ಮಳೆಗಾಲಕ್ಕೆ ಮೆಕ್ಕೆಜೋಳ, ಬೋರಲ್ಲಿ ನೀರು ಇರುವಷ್ಟು ದಿನ ಟೊಮೆಟೊ. ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ, ಹದಿಮೂರು ವರ್ಷ ಆಯಿತು. ಕುಡಿದರೆ ಲಿವರ್ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಚರ್ಮ ಹೇಗೆ ಹೋಗುತ್ತೆ ಅನ್ನೋದನ್ನು ನಾನು ಓದುವಾಗ ಪುಸ್ತಕದಲ್ಲಿ ನೋಡಿದ್ದೆ, ಆದರೆ ಅದು ಮನೆಯವರ ಮೈಮೇಲೆ ಬಂದಾಗ ಗುರುತು ಹಿಡಿಯಲಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ನನ್ನ ತಪ್ಪೂ ಸೇರಿಸಿ.

ಶುರುವಾದದ್ದು ಕಳೆದ ವರ್ಷ ಶಿವರಾತ್ರಿ ಕಳೆದ ಮೇಲೆ. ಪೇಟೆಗೆ ಬಂದಿದ್ದ ಅತ್ತೆ ಅಂಗಡಿಗೆ ಬಂದರು. "ನಿಮ್ಮ ಮಾವನ ಕೈ ಬಿಸ್ಲಿಗೆ ಸುಟ್ಟಂಗೆ ಆಗೈತಪ್ಪಾ. ಉರಿ ಉರಿ ಅಂತಾರೆ. ಏನಾರ ಮುಲಾಮು ಕೊಡು." ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದ ದಿನಗಳು ಅವು. ನಾನು ಕೇಳಿದ್ದು ಒಂದೇ ಪ್ರಶ್ನೆ, ಹೊಡೆಯುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಾರಾ ಅಂತ. ಇಲ್ಲ ಅಂದರು. ಹಾಗಾದರೆ ಔಷಧಿಯ ಅಲರ್ಜಿ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಸ್ಟೆರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಸೇರಿಸಿದ ಟ್ಯೂಬ್ ಇರುತ್ತಲ್ಲ, ಕಜ್ಜಿಗೂ ಅದೇ, ತುರಿಕೆಗೂ ಅದೇ, ಮುಖ ಬೆಳ್ಳಗಾಗಲಿ ಅಂತಲೂ ಜನ ಹಚ್ಚಿಕೊಳ್ಳುವಂಥದ್ದು, ಅದನ್ನು ಕೊಟ್ಟೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಗೊತ್ತಿತ್ತು. ಮನೆಯವರು ಅಲ್ವಾ ಅಂತ ಕೊಟ್ಟೆ. ಕೈಯನ್ನು ನೋಡಲೇ ಇಲ್ಲ.

ಹತ್ತು ದಿನ ಉರಿ ಸ್ವಲ್ಪ ಕಡಿಮೆ ಆಯಿತಂತೆ. ಸ್ಟೆರಾಯ್ಡ್ ಹಚ್ಚಿದರೆ ಮೊದಲು ಹಾಗೇ ಆಗುತ್ತೆ, ಕೆಂಪು ಇಳಿಯುತ್ತೆ. ಅತ್ತೆ ಇನ್ನೆರಡು ಟ್ಯೂಬ್ ತರಿಸಿಕೊಂಡರು. ಯುಗಾದಿ ಹೊತ್ತಿಗೆ ಕೆಂಪು ಹೋಗಿ ಚರ್ಮ ಕಪ್ಪಾಯಿತು, ದಪ್ಪ ಆಯಿತು. ಆಮೇಲೆ ಬೇಧಿ ಶುರುವಾಯಿತು, ದಿನಕ್ಕೆ ಐದಾರು ಸಲ. ಪಕ್ಕದ ಊರಿನ ಒಂದು ಕ್ಲಿನಿಕ್ಕಿಗೆ ಹೋದರು. ಅಲ್ಲಿ ಅಲರ್ಜಿಗೆ ಒಂದು ಇಂಜೆಕ್ಷನ್, ನಿಶ್ಶಕ್ತಿಗೆ ಒಂದು ಗ್ಲೂಕೋಸ್ ಬಾಟಲಿ, ಬೇಧಿಗೆ ಮಾತ್ರೆ. ಮೂರು ತೊಂದರೆಗೆ ಮೂರು ಔಷಧಿ ಆಯಿತು, ಮೂರೂ ಒಂದೇ ಬೇರಿನಿಂದ ಬಂದಿರಬಹುದು ಅಂತ ಅಲ್ಲೂ ಯಾರಿಗೂ ಹೊಳೆಯಲಿಲ್ಲ, ಇಲ್ಲಿ ನನಗೂ ಹೊಳೆಯಲಿಲ್ಲ.

ಅದಕ್ಕೆ ಒಂದು ಕಾರಣ ಇದೆ. ಮಾವ ಕುಡಿಯುತ್ತಿದ್ದರು. ಕುಡಿಯುವವರ ಮೈಗೆ ಏನೇ ಬಂದರೂ ಮನೆಯವರು ಕುಡಿತದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಬೇಧಿ ಆದರೆ ಕುಡಿದದ್ದಕ್ಕೆ. ರಾತ್ರಿ ನಿದ್ದೆ ಇಲ್ಲದೆ ಅಂಗಳದಲ್ಲಿ ತಿರುಗಿದರೆ ಕುಡಿದದ್ದಕ್ಕೆ. ಎಮ್ಮೆ ಕಟ್ಟಿದ್ದು ಮರೆತು ಮತ್ತೆ ಹುಡುಕಿಕೊಂಡು ಹೋದರೆ ಅದೂ ಕುಡಿದದ್ದಕ್ಕೆ. ಅವತ್ತು ಕುಡಿದಿರಲಿಲ್ಲ ಅಂತ ಅತ್ತೆಗೆ ಮಾತ್ರ ಗೊತ್ತಿತ್ತು, ಅವರ ಮಾತು ಯಾರೂ ಕೇಳಲಿಲ್ಲ.

ಯಾಕೆ ಕುಡಿಯುತ್ತಿದ್ದರು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟು ಅನ್ನೋದು ಬೇಕು. ಮೊದಲು ಜಾತ್ರೆಗೆ, ಹಬ್ಬಕ್ಕೆ ಅಂತ ಇತ್ತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತಲ್ಲ, ಅದಕ್ಕೆ ಮುಂಚೆ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರ ಪೈಕಿ ಮಾವನೂ ಒಬ್ಬರು. ಆಮೇಲೆ ಬ್ರಾಂಡಿ, ವಿಸ್ಕಿಗೆ ಬಂದರು. ಕಳೆದ ನಾಲ್ಕು ವರ್ಷದಿಂದ ದಿನಾ ಎರಡು ಕ್ವಾರ್ಟರ್. ಬೆಳಗ್ಗೆ ಕೈ ನಡುಗುತ್ತೆ ಅಂತ ಒಂದು ತೊಂಬತ್ತು, ಅಂದರೆ ಅರ್ಧ ಕ್ವಾರ್ಟರ್, ಮಧ್ಯಾಹ್ನ ಒಂದು ತೊಂಬತ್ತು, ಸಂಜೆ ಒಂದು ಕ್ವಾರ್ಟರ್. ನೆಂಚಿಕೊಳ್ಳುವುದಕ್ಕೆ ಮಂಡಕ್ಕಿ.

ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಇತ್ತು. ಊಟ ಆದ ಮೇಲೆ ನಲ್ಲಿ ಹತ್ತಿರ ಮಾವ ಕೈ ತೊಳೆಯುತ್ತಿದ್ದರು. ಅಳಿಯ ಬಂದ ಅಂತ ಪಕ್ಕಕ್ಕೆ ಸರಿದರು. ಆಗ ಮೊದಲ ಸಲ ನಾನು ಆ ಕೈಗಳನ್ನು ಹತ್ತಿರದಿಂದ ನೋಡಿದೆ.

ಎರಡೂ ಕೈಯ ಮೇಲ್ಭಾಗ, ಬೆರಳ ಗೆಣ್ಣಿನಿಂದ ಮೊಣಕೈ ದಾಟುವವರೆಗೆ, ಕಪ್ಪು ಗ್ಲೌಸ್ ಹಾಕಿದ ಹಾಗೆ ಇತ್ತು. ಎಡಗೈಯಲ್ಲಿ ಎಲ್ಲಿಗೆ ನಿಂತಿತ್ತೋ ಬಲಗೈಯಲ್ಲೂ ಅಲ್ಲಿಗೇ ನಿಂತಿತ್ತು. ಅಂಗಿಯ ಅರ್ಧ ತೋಳು ಮುಗಿಯುವ ಜಾಗದಲ್ಲಿ ಗೆರೆ ಎಳೆದ ಹಾಗೆ. ಅದರ ಮೇಲೆ ಚರ್ಮ ಮಾಮೂಲು. ಗೆಣ್ಣಿನ ಮೇಲೆ ಬಿರುಕು, ಬಿರುಕಿನ ಅಂಚಿನಲ್ಲಿ ಸಿಪ್ಪೆ ಏಳುತ್ತಿತ್ತು, ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ, ಕಂದು ಬಣ್ಣಕ್ಕೆ. ವಾಚು ಕಟ್ಟುವ ಜಾಗದಲ್ಲಿ ಮಾತ್ರ ಒಂದು ಪಟ್ಟಿ ಚೆನ್ನಾಗಿತ್ತು. ಅಂಗೈ ತಿರುಗಿಸಿದರೆ ಅಂಗೈಯಲ್ಲಿ ಏನೂ ಇಲ್ಲ. ಕೆಳಗೆ ನೋಡಿದೆ. ಎರಡೂ ಪಾದದ ಮೇಲೆ ಅದೇ ಕಪ್ಪು, ಅದರ ನಡುವೆ ಹವಾಯಿ ಚಪ್ಪಲಿಯ ಬಾರು ಮುಚ್ಚಿದ ಕಡೆ ಮಾತ್ರ ಬಿಳಿ ಗೆರೆ. ಅಂಗಿಯ ಕಾಲರ್ ಸರಿಸಿ ಅಂದೆ. ಕುತ್ತಿಗೆ ಸುತ್ತ ಸರ ಹಾಕಿದ ಹಾಗೆ ಒಂದು ಪಟ್ಟೆ.

ಔಷಧಿ ಚೆಲ್ಲಿ ಆದ ಅಲರ್ಜಿ ಎರಡೂ ಕೈಗೆ ಇಷ್ಟು ಅಳತೆ ಮಾಡಿ ಬರಲ್ಲ. ಕುತ್ತಿಗೆಗೆ ಸರದ ಹಾಗೆ ಬರಲ್ಲ. ಬಿಸಿಲಿಗೆ ದಿನಾ ದುಡಿಯುವ ಇಪ್ಪತ್ತು ಜನ ಅದೇ ಊರಲ್ಲಿ ಇದ್ದಾರೆ, ಅವರಿಗೆ ಯಾಕಿಲ್ಲ?

"ಮಾವ, ನಾಲಿಗೆ ತೋರ್ಸ್ರಿ" ಅಂದೆ. ಕೆಂಪಗೆ, ನುಣ್ಣಗೆ, ಮೇಲಿನ ಒರಟೆಲ್ಲ ಸವೆದು ಹೋದ ಹಾಗೆ ಇತ್ತು. "ಖಾರ ತಿನ್ನಾಕ ಆಗಲ್ಲ ಅಳಿಯಾ, ಬಾಯಿ ಉರೀತೈತಿ. ಅದ್ಕೇ ಊಟನ ಬಿಟ್ಟೀನಿ" ಅಂದರು. ಎಲೆಯ ಮುಂದೆ ಕೂತಿದ್ದರು ಅಷ್ಟೇ, ಪಾಯಸ ಎರಡು ಚಮಚ ಕುಡಿದು ಎದ್ದು ಬಂದಿದ್ದರು.

ಮಾರನೇ ದಿನವೇ ದಾವಣಗೆರೆಯಲ್ಲಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರಮ್ಮ ಮಾಡಿದ ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಕೈಯನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದರು, ಚಪ್ಪಲಿ ಬಿಡಿಸಿದರು, ಕಾಲರ್ ಬಿಚ್ಚಿಸಿದರು. ಎಷ್ಟು ಕುಡಿಯುತ್ತೀರಿ ಅಂತ ಮೊದಲು ಕೇಳಲಿಲ್ಲ. "ನಿನ್ನೆ ಬೆಳಗ್ಗೆ ಎದ್ದಾಗಿಂದ ಮಲಗೋವರೆಗೆ ಏನೇನು ತಿಂದ್ರಿ, ಹೇಳಿ" ಅಂದರು.

ಮಾವ ಮದುವೆ ಊಟ ಅಂದರು. ಅದಕ್ಕಿಂತ ಮೊದಲ ದಿನ? ಚಹಾ. ಆಮೇಲೆ? ಮಂಡಕ್ಕಿ. ಅದರಲ್ಲಿ ಶೇಂಗಾ? ಬಾಯಿ ಉರಿಯುತ್ತೆ ಅಂತ ಆರಿಸಿ ಇಟ್ಟೆ. ರೊಟ್ಟಿ? ಇಲ್ಲ. ಮೊಟ್ಟೆ, ಹಾಲು, ಬೇಳೆ? ಇಲ್ಲ. ಯಾವಾಗಿಂದ? ಮಾವ ಅತ್ತೆ ಕಡೆ ನೋಡಿದರು. ಅತ್ತೆ, "ಸಂಕ್ರಾಂತಿ ಮುಂಚಿಂದ ತಟ್ಟೆ ಮುಟ್ಟಿಲ್ಲ ಮೇಡಂ" ಅಂದು ಸೆರಗು ಬಾಯಿಗೆ ಇಟ್ಟುಕೊಂಡರು. ಆಮೇಲೆ ಡಾಕ್ಟರು ಟಿಬಿ ಮಾತ್ರೆ ಏನಾದರೂ ತಗೊಂಡಿದ್ದೀರಾ ಅಂತ ಕೇಳಿದರು, ಯಾಕಂದರೆ ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆಯಿಂದಲೂ ಇದೇ ಥರ ಆಗಬಹುದು. ಇಲ್ಲ ಅಂದೆವು. ಬೇಧಿ ಎಷ್ಟು ದಿನದಿಂದ, ನಿದ್ದೆ ಹೇಗಿದೆ, ಮರೆವು ಇದೆಯಾ, ಒಂದೊಂದೇ ಕೇಳಿದರು. ಬರೆದರು. ಪೆಲಾಗ್ರ.

ಬಿ ಗುಂಪಿನ ವಿಟಮಿನ್ನುಗಳಲ್ಲಿ ಮೂರನೆಯದು, ನಯಾಸಿನ್, ಅದು ಮೈಯಲ್ಲಿ ಖಾಲಿಯಾದರೆ ಬರುವ ಕಾಯಿಲೆ ಇದು. ಚರ್ಮ ಕಪ್ಪಾಗಿ ಸುಲಿಯುವುದು, ಬೇಧಿ, ಬುದ್ಧಿ ಮಂಕಾಗುವುದು, ಮೂರೂ ಇದರ ಗುರುತು. ಹಾಗೇ ಬಿಟ್ಟರೆ ನಾಲ್ಕನೆಯದು ಸಾವು. ಮಾವನಿಗೆ ಮೊದಲ ಮೂರೂ ಬಂದಿದ್ದವು. ನಾವು ಒಂದಕ್ಕೆ ಟ್ಯೂಬ್, ಒಂದಕ್ಕೆ ಮಾತ್ರೆ, ಒಂದಕ್ಕೆ ಬೈಗುಳ ಕೊಟ್ಟಿದ್ದೆವು.

ಇದು ಹೊಸ ಕಾಯಿಲೆ ಅಲ್ಲ. ಸ್ಪೇನಿನ ಗಾಸ್ಪರ್ ಕಸಾಲ್ ಅನ್ನುವ ವೈದ್ಯ 1735ರಲ್ಲೇ ಮೆಕ್ಕೆಜೋಳ ತಿಂದು ಬದುಕುವ ಬಡವರಲ್ಲಿ ಇದನ್ನು ನೋಡಿದ್ದ. ಕುತ್ತಿಗೆಯ ಆ ಪಟ್ಟೆಗೆ ಇವತ್ತಿಗೂ ಕಸಾಲನ ಸರ ಅಂತಲೇ ಹೆಸರು. ಪೆಲಾಗ್ರ ಅನ್ನೋದು ಇಟಲಿಯ ಮಾತು, ಒರಟು ಚರ್ಮ ಅಂತ ಅರ್ಥ, 1771ರಲ್ಲಿ ಬಂದ ಹೆಸರು. ಅಂಟುರೋಗ ಅಂತಲೇ ತುಂಬಾ ಜನ ನಂಬಿದ್ದರು. ಅಮೆರಿಕದಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನುವ ವೈದ್ಯರು 1914ರಿಂದ ಬೆನ್ನು ಹತ್ತಿ, ಇದು ಊಟದ ಕೊರತೆ ಅಂತ ತೋರಿಸಿದರು. ನಯಾಸಿನ್ನೇ ಇದರ ಮದ್ದು ಅಂತ ಗೊತ್ತಾದದ್ದು 1937ರಲ್ಲಿ. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ಅದು ಬಿಗಿಯಾಗಿ ಅಂಟಿಕೊಂಡಿರುತ್ತೆ, ಹೊಟ್ಟೆಗೆ ಸಿಗಲ್ಲ. ಮೆಕ್ಸಿಕೋ ಜನ ಅದನ್ನು ಸುಣ್ಣದ ನೀರಲ್ಲಿ ಬೇಯಿಸುವುದರಿಂದ ಅವರಿಗೆ ಸಿಗುತ್ತೆ. ನಮ್ಮ ಕಡೆ ಮೆಕ್ಕೆಜೋಳ ಕೋಳಿ ಫೀಡಿಗೆ ಹೋಗುತ್ತೆ, ನಾವು ತಿನ್ನುವುದು ಬಿಳಿ ಜೋಳ. ಆದರೆ ಹೈದರಾಬಾದಿನಲ್ಲಿ ಪೌಷ್ಟಿಕ ಆಹಾರದ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು 1960ರ ಹೊತ್ತಿಗೇ ಬರೀ ಜೋಳ ತಿಂದು ದುಡಿಯುವ ದಖ್ಖನ್ನಿನ ಬಡವರಲ್ಲೂ ಇದು ಬರುತ್ತೆ ಅಂತ ತೋರಿಸಿ, ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಅನ್ನುವ ಅಂಶ ಕಾರಣ ಇರಬಹುದು ಅಂದಿದ್ದರು. ಜೋಳ ಕೆಟ್ಟದ್ದು ಅಂತ ಅಲ್ಲ. ರೊಟ್ಟಿ ಜೊತೆ ಬೇಳೆ ಪಲ್ಯ, ಶೇಂಗಾ ಚಟ್ನಿ, ಮೊಸರು ಇದ್ದರೆ ಏನೂ ಆಗಲ್ಲ. ಈಗ ಹೊಟ್ಟೆ ತುಂಬ ಉಣ್ಣುವ ಮನೆಗಳಲ್ಲಿ ಪೆಲಾಗ್ರ ಕಾಣುವುದೇ ಅಪರೂಪ. ಈಗ ಇದು ಕಾಣುವುದು ಹೆಚ್ಚಾಗಿ ಕುಡಿಯುವವರಲ್ಲಿ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ ಬಾಟಲಿ ಮೇಲೆ ಶೇ. 42.8 ಅಂತ ಇರುತ್ತೆ. ಒಂದು ಕ್ವಾರ್ಟರ್ 180 ಎಂಎಲ್. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 77 ಎಂಎಲ್, ತೂಕದಲ್ಲಿ 60 ಗ್ರಾಂ. ಒಂದು ಗ್ರಾಮಿಗೆ 7 ಕ್ಯಾಲೊರಿ. ಎರಡು ಕ್ವಾರ್ಟರಿಗೆ ಸುಮಾರು 850 ಕ್ಯಾಲೊರಿ, ಐದಾರು ಜೋಳದ ರೊಟ್ಟಿಯಷ್ಟು. ಹೊಟ್ಟೆಗೆ ಅದು ಊಟದ ಹಾಗೇ ಲೆಕ್ಕ, ಹಸಿವು ಸಾಯುತ್ತೆ. ಆದರೆ ಅದರಲ್ಲಿ ವಿಟಮಿನ್ ಇಲ್ಲ, ಪ್ರೊಟೀನ್ ಇಲ್ಲ, ಏನೂ ಇಲ್ಲ. ಮೈಗೆ ದಿನಕ್ಕೆ ಬೇಕಾದ ನಯಾಸಿನ್ ಹದಿನೈದು ಮಿಲಿಗ್ರಾಂ ಆಸುಪಾಸು, ಅಷ್ಟೇ. ಊಟದಿಂದ ಸಿಗದಿದ್ದರೆ ಪ್ರೊಟೀನಿನಲ್ಲಿರುವ ಟ್ರಿಪ್ಟೊಫಾನ್ ಅನ್ನುವ ಅಂಶದಿಂದ ಮೈಯೇ ಮಾಡಿಕೊಳ್ಳುತ್ತೆ, 60 ಮಿಲಿಗ್ರಾಮಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ. ಹಾಗೆ ಮಾಡಿಕೊಳ್ಳುವುದಕ್ಕೆ ಬಿ6 ಬೇಕು, ಕುಡಿಯುವವರಲ್ಲಿ ಅದೂ ಕಡಿಮೆ. ಕರುಳು ಹೀರಿಕೊಳ್ಳುವುದು ಕಡಿಮೆ, ಲಿವರ್ ಕೂಡಿಟ್ಟುಕೊಳ್ಳುವುದು ಕಡಿಮೆ. ತಿಂದದ್ದೂ ಇಲ್ಲ, ತಿಂದದ್ದು ಹತ್ತಿದ್ದೂ ಇಲ್ಲ.

ಚರ್ಮದ ಜೀವಕೋಶಗಳು ದಿನಾ ಹೊಸದಾಗಿ ಹುಟ್ಟುತ್ತಿರಬೇಕು, ಬಿಸಿಲಿನ ಏಟನ್ನು ದಿನಾ ರಿಪೇರಿ ಮಾಡಿಕೊಳ್ಳುತ್ತಿರಬೇಕು. ಎರಡಕ್ಕೂ ನಯಾಸಿನ್ ಬೇಕು. ಇಲ್ಲದಿದ್ದರೆ ಬಿಸಿಲು ಬಿದ್ದ ಕಡೆಯೆಲ್ಲ ಸುಡುತ್ತೆ, ಬಟ್ಟೆ ಮುಚ್ಚಿದ ಕಡೆ ಉಳಿಯುತ್ತೆ. ಅದಕ್ಕೇ ಅಂಗಿಯ ತೋಳಿನ ಗೆರೆ, ವಾಚಿನ ಪಟ್ಟಿ, ಚಪ್ಪಲಿ ಬಾರು. ಬಿಸಿಲಿಗೆ ಸುಟ್ಟದ್ದು ಅಂತ ಅತ್ತೆ ಹೇಳಿದ್ದು ಸುಳ್ಳಲ್ಲ. ಆ ಬಿಸಿಲನ್ನು ತಡೆದುಕೊಳ್ಳುವ ಶಕ್ತಿ ಚರ್ಮಕ್ಕೆ ಯಾಕಿಲ್ಲ ಅಂತ ಕೇಳಬೇಕಾದವನು ನಾನು.

ಡಾಕ್ಟರು ಅಲ್ಲಿಗೇ ಬಿಡಲಿಲ್ಲ. ಎದೆಯ ಮೇಲೆ, ಕುತ್ತಿಗೆ ಕೆಳಗೆ ನಾಲ್ಕೈದು ಕೆಂಪು ಚುಕ್ಕೆ ಇದ್ದವು. ನಡುವೆ ಒಂದು ಚುಕ್ಕೆ, ಸುತ್ತ ಕೂದಲಿನಷ್ಟು ಸಣ್ಣ ರಕ್ತನಾಳಗಳು ಜೇಡದ ಕಾಲಿನ ಹಾಗೆ. ಪೆನ್ನಿನ ತುದಿಯಿಂದ ನಡುವಿನ ಚುಕ್ಕೆ ಒತ್ತಿದರು. ಇಡೀ ಜೇಡ ಮಾಯ. ತೆಗೆದರು, ನಡುವಿನಿಂದ ಹೊರಕ್ಕೆ ರಕ್ತ ಹರಿದು ಮತ್ತೆ ಕಾಲು ಮೂಡಿತು. "ನೋಡಿ, ಇದು ಲಿವರ್ ಹೇಳ್ತಿರೋದು" ಅಂದರು. ಗಂಡಸರ ಮೈಯಲ್ಲೂ ಈಸ್ಟ್ರೊಜನ್ ಅನ್ನುವ ಹೆಣ್ಣು ಹಾರ್ಮೋನು ಸ್ವಲ್ಪ ಇರುತ್ತೆ, ಅದನ್ನು ಕರಗಿಸಿ ಹೊರಗೆ ಹಾಕುವುದು ಲಿವರ್. ಲಿವರ್ ಸೋತರೆ ಅದು ಉಳಿದು ರಕ್ತನಾಳ ಹಿಗ್ಗಿಸುತ್ತೆ. ಅಂಗೈಯ ದಿಂಡು ಕೆಂಪಾಗುವುದೂ ಹೀಗೇ. ಮಾವನ ಅಂಗೈ ನೋಡಿ ಏನೂ ಇಲ್ಲ ಅಂದಿದ್ದೆನಲ್ಲ, ಬೆಳಕಿಗೆ ಹಿಡಿದರೆ ಹೆಬ್ಬೆರಳ ಬುಡ, ಕಿರುಬೆರಳ ಬುಡ ಕೆಂಪಾಗೇ ಇತ್ತು. ನನಗೆ ಕಂಡಿರಲಿಲ್ಲ.

ರಕ್ತ ಪರೀಕ್ಷೆ ಬಂತು. ಎಸ್‌ಜಿಒಟಿ 168, ಎಸ್‌ಜಿಪಿಟಿ 71, ಲಿವರಿಗೆ ಏಟು ಬಿದ್ದಾಗ ರಕ್ತದಲ್ಲಿ ಏರುವ ಎರಡು ಅಂಶ ಇವು. ಮೊದಲನೆಯದು ಎರಡನೆಯದರ ಎರಡರಷ್ಟು ದಾಟಿದರೆ ಕುಡಿತದಿಂದ ಆದ ಲಿವರ್ ತೊಂದರೆಯ ಅನುಮಾನ ಜಾಸ್ತಿ. ಲಿವರ್ ತಯಾರಿಸುವ ಪ್ರೊಟೀನ್ ಆಲ್ಬುಮಿನ್ 2.7, ಕಡಿಮೆ ಅಂದರೂ 3.5 ಇರಬೇಕು. ಹಿಮೋಗ್ಲೋಬಿನ್ 9.4. ಕಾಮಾಲೆಯಲ್ಲಿ ಏರುವ ಹಳದಿ ಅಂಶ ಬಿಲಿರುಬಿನ್ 1.9. ಇದೊಂದು ಅಂಕಿ ಬಗ್ಗೆ ಹೇಳಲೇಬೇಕು. 1.2ರ ಒಳಗೆ ಇರಬೇಕಾದದ್ದು, ಕಣ್ಣು ಹಳದಿ ಕಾಣಬೇಕಾದರೆ ಸಾಮಾನ್ಯವಾಗಿ ಎರಡೂವರೆ ಮೂರು ದಾಟಬೇಕು. ಮಾವನ ಕಣ್ಣು ಬೆಳ್ಳಗಿತ್ತು. ಕಾಮಾಲೆ ಇಲ್ಲ, ಲಿವರ್ ಚೆನ್ನಾಗಿದೆ ಅಂತ ಊರಲ್ಲಿ ಎಲ್ಲರೂ ಧೈರ್ಯ ಹೇಳಿದ್ದರು.

ಅವತ್ತೇ ಅಡ್ಮಿಟ್ ಆಗಿ ಅಂದರು. ಮಾವ ಒಪ್ಪಲಿಲ್ಲ. "ಇವತ್ತಿಂದ ಬಿಟ್ಟೆ, ಮನಿಯಾಗೇ ಇರ್ತೀನಿ, ದ್ಯಾವ್ರಾಣೆ" ಅಂದರು. ಅತ್ತೆಯ ಮುಖ ಅರಳಿತು. ಡಾಕ್ಟರು ಮಾತ್ರ ಬೇಡವೇ ಬೇಡ ಅಂದರು, ನಾನೂ ಹಟ ಹಿಡಿದೆ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ವರ್ಷಗಟ್ಟಲೆ ದಿನಾ ಕುಡಿದವರು ಒಂದೇ ದಿನಕ್ಕೆ ಮನೆಯಲ್ಲಿ ನಿಲ್ಲಿಸಿದರೆ, ಮೊದಲ ಎರಡು ದಿನದ ಒಳಗೆ ಫಿಟ್ಸ್ ಬರಬಹುದು, ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದೆಲ್ಲ ಕಾಣುವುದು, ಮೈ ಬೆವರಿ ನಡುಗುವುದು, ಜ್ವರ, ಎದೆ ಬಡಿತ ಏರುವುದು, ಕೊನೆಗೆ ಜೀವವೇ ಹೋಗಬಹುದು. ಬಿಡುವುದು ಒಳ್ಳೆಯದು, ಆದರೆ ಮೊದಲ ವಾರ ಆಸ್ಪತ್ರೆಯಲ್ಲಿ.

ಒಂಬತ್ತು ದಿನ ಇದ್ದರು. ಮೊದಲು ಕೊಟ್ಟದ್ದು ಬಿ1 ಇಂಜೆಕ್ಷನ್, ಅಂದರೆ ಥಯಾಮಿನ್. ಗ್ಲೂಕೋಸ್ ಹಾಕಿದ್ದು ಅದಾದ ಮೇಲೆ. ಊಟ ಬಿಟ್ಟು ಕುಡಿದ ಮೈಗೆ ಮೊದಲು ಗ್ಲೂಕೋಸ್ ಏರಿಸಿದರೆ, ಇದ್ದಬದ್ದ ಬಿ1 ಅದನ್ನು ಅರಗಿಸುವುದಕ್ಕೇ ಖರ್ಚಾಗಿ ಮೆದುಳಿಗೆ ಏಟು ಬೀಳಬಹುದು. ಹಳ್ಳಿಯಲ್ಲಿ ನಿಶ್ಶಕ್ತಿ ಅಂದ ಕೂಡಲೇ ಒಂದು ಬಾಟಲಿ ಏರಿಸಿ ಅಂತ ನಾವೇ ಕೇಳಿ ಹಾಕಿಸಿಕೊಳ್ಳುತ್ತೇವಲ್ಲ, ಮಾವನಿಗೆ ಆ ಕ್ಲಿನಿಕ್ಕಿನಲ್ಲಿ ಹಾಕಿದ್ದೂ ಹಾಗೇ. ಏನೂ ಆಗಲಿಲ್ಲ, ಅದು ಅವರ ಪುಣ್ಯ.

ಎರಡನೇ ರಾತ್ರಿ ಕಷ್ಟ ಆಯಿತು. ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ಕೈಯಲ್ಲಿ ಒರೆಸುತ್ತಿದ್ದರು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ನರ್ಸ್ ಬಂದು ಮಾತ್ರೆ ಜಾಸ್ತಿ ಮಾಡಿಸಿದರು, ಬೆಳಗಿನ ಜಾವ ಮಾವ ಮಲಗಿದರು. ಫಿಟ್ಸ್ ಬರಲಿಲ್ಲ.

ಪೆಲಾಗ್ರಕ್ಕೆ ಕೊಟ್ಟ ಔಷಧಿ ಎಷ್ಟು ಸಣ್ಣದು ಅಂದರೆ ನನಗೆ ಸಂಕಟ ಆಯಿತು. ನಯಾಸಿನ್ನಿನದೇ ಒಂದು ರೂಪವಾದ ನಿಕೋಟಿನಮೈಡ್, 100 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ನಾಲ್ಕು ವಾರ. ಜೊತೆಗೆ ಬೇರೆ ಬಿ ವಿಟಮಿನ್ನು, ಮೊಟ್ಟೆ, ಹಾಲು, ಬೇಳೆ, ನೆನೆಸಿ ಬೇಯಿಸಿದ ಶೇಂಗಾ. ನಿಕೋಟಿನಿಕ್ ಆಸಿಡ್ ಅಂತ ಇದರದೇ ಇನ್ನೊಂದು ರೂಪ ಇದೆ, ಅದು ಕೊಟ್ಟರೆ ಮುಖ ಮೈ ಕೆಂಪಾಗಿ ಉರಿಯುತ್ತೆ, ಅದಕ್ಕೆ ಇದನ್ನು ಕೊಡುತ್ತಾರೆ. ನನ್ನ ಟ್ಯೂಬ್ ನಿಲ್ಲಿಸಿದರು. ಮೂರು ತಿಂಗಳು ಸ್ಟೆರಾಯ್ಡ್ ತಿಂದ ಚರ್ಮ ಆ ಕಪ್ಪು ಪದರದ ಕೆಳಗೆ ತೆಳ್ಳಗಾಗಿತ್ತು, ಬಿರುಕು ಮುಚ್ಚದೇ ಇದ್ದದ್ದಕ್ಕೆ ಅದೂ ಒಂದು ಕಾರಣ. ಹಚ್ಚುವುದಕ್ಕೆ ಸಾದಾ ವ್ಯಾಸಲೀನ್, ಬಿಸಿಲಿಗೆ ಹೋದರೆ ತುಂಬು ತೋಳಿನ ಅಂಗಿ, ಬೇರೇನೂ ಇಲ್ಲ.

ನಾಲ್ಕನೇ ದಿನ ಬೇಧಿ ನಿಂತಿತು. ಐದನೇ ದಿನ ನಾಲಿಗೆ ಉರಿ ಇಲ್ಲ ಅಂದು ಅತ್ತೆ ತಂದ ಅನ್ನ ಸಾರು ಉಂಡರು. ಏಳನೇ ದಿನ ಎಮ್ಮೆ ಕರು ಹಾಕಿತಾ ಅಂತ ಕೇಳಿದರು. ಅತ್ತೆ ಹೊರಗೆ ಬಂದು ಕಂಬ ಹಿಡಿದುಕೊಂಡು ಅತ್ತರು. ಮೂರು ತಿಂಗಳಿಂದ ಅವರು ಎಮ್ಮೆ ವಿಚಾರವೇ ಎತ್ತಿರಲಿಲ್ಲ. ಚರ್ಮ ನಿಧಾನ. ಎರಡನೇ ವಾರದಿಂದ ಕಪ್ಪು ಪದರ ಅಂಚಿನಿಂದ ಎದ್ದು ಬರತೊಡಗಿತು, ಕೆಳಗೆ ಎಳೆ ಗುಲಾಬಿ ಚರ್ಮ. ಐದು ವಾರಕ್ಕೆ ಕೈ ಕೈಯ ಹಾಗೆ ಆಯಿತು, ಗೆಣ್ಣಿನ ಮೇಲೆ ಮಾತ್ರ ಕಲೆ ಉಳಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಒಂದು ದಿನ ಮೆಲ್ಲಗೆ ಕೇಳಿದರು. "ಊಟದಾಗ ಗೊತ್ತಾಗದಂಗೆ ಹಾಕೋ ಮಾತ್ರೆ ಐತಂತಲ್ಲ, ಮತ್ತೆ ಕುಡಿಯಾಕೆ ಹೋದ್ರೆ ವಾಂತಿ ಆಗಂಗೆ, ಅದ್ನ ಕೊಡ್ತೀಯೇನಪ್ಪಾ?" ಈ ಮಾತನ್ನು ಅಂಗಡಿಯಲ್ಲಿ ತಿಂಗಳಿಗೆ ಎರಡು ಮೂರು ಹೆಂಗಸರು ಕೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಆದರೂ ಕೊಡುವುದಿಲ್ಲ. ಆಲ್ಕೋಹಾಲ್ ಲಿವರಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷ ಆಗಿ, ಆಮೇಲೆ ಅಪಾಯ ಇಲ್ಲದ ಅಂಶ ಆಗುತ್ತೆ. ಡೈಸಲ್ಫಿರಾಮ್ ಮಾತ್ರೆ ಆ ಎರಡನೇ ಹೆಜ್ಜೆಯನ್ನು ತಡೆಯುತ್ತೆ. ವಿಷ ಮೈಯಲ್ಲೇ ನಿಲ್ಲುತ್ತೆ, ಮುಖ ಎದೆ ಕೆಂಡದ ಹಾಗೆ ಕೆಂಪಾಗುತ್ತೆ, ವಾಂತಿ, ಬಿಪಿ ಕುಸಿತ. ಗೊತ್ತಿಲ್ಲದೆ ತಿಂದು, ಗೊತ್ತಿಲ್ಲದೆ ಕುಡಿದವರು ಸತ್ತೇ ಹೋಗಬಹುದು. ಲಿವರ್ ಮೊದಲೇ ಕೆಟ್ಟಿದ್ದರೆ ಮಾತ್ರೆಯೇ ಅದಕ್ಕೆ ಇನ್ನೊಂದು ಏಟು. ಅದನ್ನು ತಗೊಳ್ಳುವವರು ತಿಳಿದು, ಒಪ್ಪಿ, ಡಾಕ್ಟರ ಕಣ್ಣೆದುರಿಗೆ ತಗೊಳ್ಳಬೇಕು. ಅತ್ತೆಗೆ ಅದರ ಬದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎರಡು ಸಲ ಮಾತಾಡಿದ್ದಾರೆ. ಒಂದು ಸಲ ಮಾವನೂ ಮಾತಾಡಿದರು.

ಕುಡಿದ ಮೈಮೇಲೆ ಪೆಲಾಗ್ರ ಒಂದೇ ಬರುವುದಲ್ಲ. ಚರ್ಮ ಕೆಂಪಾಗಿ ಹೊಟ್ಟು ಏಳುವ ಸೋರಿಯಾಸಿಸ್ ಇದ್ದವರಿಗೆ ಕುಡಿದಷ್ಟೂ ಅದು ಜೋರಾಗುತ್ತೆ, ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯೂ ಲಿವರಿಗೆ ಭಾರ, ಎರಡೂ ಸೇರಬಾರದು. ಕುಡಿದ ಮಾರನೇ ದಿನ ಚರ್ಮ ಒಣಗಿ ಸುಕ್ಕಾಗುವುದು ಮೂತ್ರದಲ್ಲಿ ನೀರು ಜಾಸ್ತಿ ಹೋಗುವುದರಿಂದ. ಲಿವರ್ ಕೆಟ್ಟು ಪಿತ್ತರಸ ಮೈಯಲ್ಲೇ ನಿಂತರೆ ಮೈಯೆಲ್ಲ ತುರಿಕೆ, ಮೇಲೆ ಗುಳ್ಳೆ ಏನೂ ಕಾಣದಿದ್ದರೂ ತುರಿಕೆ. ಸಣ್ಣ ಏಟಿಗೂ ಚರ್ಮದ ಕೆಳಗೆ ರಕ್ತ ಸೋರಿ ನೀಲಿ ಕಲೆ. ಇವನ್ನೆಲ್ಲ ನಾನು ಈಗ ಕೌಂಟರಿನ ಈ ಕಡೆಯಿಂದಲೇ ನೋಡುತ್ತೇನೆ. ಯಾರಾದರೂ ಟ್ಯೂಬ್ ಕೇಳಿದರೆ ಎರಡೂ ಕೈ ತೋರಿಸಿ ಅನ್ನುತ್ತೇನೆ, ಊಟ ಸರಿ ಮಾಡುತ್ತೀರಾ ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತೆ, ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಮೂರು ಔಷಧಿಯ ಆ ಟ್ಯೂಬನ್ನು ಚೀಟಿ ಇಲ್ಲದೆ ಕೊಡುವುದು ನಿಲ್ಲಿಸಿದೆ.

ಮಾವ ಪೂರ್ತಿ ಬಿಟ್ಟರಾ ಅಂತ ಕೇಳುತ್ತೀರಿ. ಐದು ತಿಂಗಳು ಮುಟ್ಟಲಿಲ್ಲ. ದೀಪಾವಳಿಗೆ ಮತ್ತೆ ಶುರು ಮಾಡಿದರು, ಹನ್ನೊಂದು ದಿನ ಕುಡಿದರು. ಮನೆಯಲ್ಲಿ ಯಾರೂ ಕೂಗಾಡಲಿಲ್ಲ, ಅತ್ತೆ ನನಗೆ ಫೋನ್ ಮಾಡಿದರು, ಮತ್ತೆ ಅಡ್ಮಿಟ್ ಮಾಡಿಸಿದೆವು, ಈ ಸಲ ಅವರೇ ಆಟೋ ಹತ್ತಿದರು. ಅತ್ತೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಲೆಕ್ಕ ಇಟ್ಟಿದ್ದಾರೆ. ಕುಡಿಯದ ದಿನದ್ದು ಅಲ್ಲ, ಮಾವ ಎರಡು ಹೊತ್ತು ತಟ್ಟೆ ಮುಂದೆ ಕೂತು ಉಂಡ ದಿನಕ್ಕೆ ಕುಂಕುಮದ ಬೊಟ್ಟು. ದೀಪಾವಳಿ ಆದ ಮೇಲೆ ಹನ್ನೊಂದು ಮನೆ ಖಾಲಿ ಇವೆ. ಅದರ ಮುಂದೆ ಮೊನ್ನೆಯವರೆಗೆ ಎಲ್ಲ ಕೆಂಪು.

ಮೊನ್ನೆ ಅಂಗಡಿಗೆ ಬಂದು ಕೌಂಟರಿನ ಮೇಲೆ ಎರಡೂ ಕೈ ಅಕ್ಕಪಕ್ಕ ಇಟ್ಟರು, ನಾನು ಕೇಳುವ ಮುಂಚೆಯೇ. ಗೆಣ್ಣಿನ ಕಲೆ ಹಾಗೇ ಇದೆ. ಎದೆಯ ಮೇಲಿನ ಜೇಡಗಳು ಹೋಗಿಲ್ಲ, ಒಂದು ಚಿಕ್ಕದಾಗಿದೆ. ಆಲ್ಬುಮಿನ್ 3.3ಕ್ಕೆ ಬಂದಿದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಸ್ಕ್ಯಾನ್ ಬರುವ ತಿಂಗಳು ಇದೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.